ಶಾಲೆ ಫೀಸಿನ ಸಾಲ ಮುಂದಿನ ಮೇ ತಿಂಗಳನ್ನು ಮುಟ್ಟಬಾರದು

ಮಾನ್ಯ ಸಂಪಾದಕರೇ,

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡಿಗೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗೆಡ್ಡೆಯ ಲಾರಿಗಳು ಬಂದು ನಿಲ್ಲುತ್ತವೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಖಾಸಗಿ ಶಾಲೆಗಳ ಕೌಂಟರ್ ಮುಂದೆ ಪೋಷಕರೂ ಸಾಲುಗಟ್ಟುತ್ತಾರೆ. ಎರಡೂ ಕಡೆ ನಿಂತವರು ಬಹುಪಾಲು ಒಂದೇ ಜನ. ಗಡ್ಡೆ, ಗೊಬ್ಬರ, ಉಳುಮೆಗೆ ದುಡ್ಡು ಹೊಂದಿಸಿ ಉಸಿರು ಬಿಡುವ ಮೊದಲೇ ಫೀಸಿನ ಮೊದಲ ಕಂತು ಬಂದಿರುತ್ತದೆ. ಆಲೂಗೆಡ್ಡೆ ಕಿತ್ತು ಕೈಗೆ ಕಾಸು ಬರುವುದು ಆಗಸ್ಟ್, ಸೆಪ್ಟೆಂಬರಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಲೆಕ್ಕ ತಿರುವುಮುರುವು. ಅಲ್ಲಿ ಕಾಫಿ, ಮೆಣಸಿನ ದುಡ್ಡು ಜನವರಿಯಿಂದ ಏಪ್ರಿಲ್ ಒಳಗೆ ಬಂದು, ಹಳೇ ಬಾಕಿಗೆ ಹೋಗಿ, ಜೂನ್ ಹೊತ್ತಿಗೆ ಕರಗಿರುತ್ತದೆ.

ಖಾಸಗಿ ಶಾಲೆಗೆ ಯಾಕೆ ಹಾಕಬೇಕಿತ್ತು ಎಂಬ ವಾದಕ್ಕೆ ಈ ಪತ್ರದಲ್ಲಿ ಜಾಗವಿಲ್ಲ. ಮಕ್ಕಳನ್ನು ಸೇರಿಸಿ ಆಗಿದೆ, ಮನೆಯಲ್ಲಿ ಸಾಲವೂ ಇದೆ, ಎರಡನ್ನೂ ಹೇಗೆ ನಿಭಾಯಿಸುವುದು ಎಂಬುದಷ್ಟೇ ವಿಷಯ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಸಂಸಾರಗಳನ್ನು ಮುಳುಗಿಸುತ್ತಿರುವುದು ಫೀಸಿನ ಮೊತ್ತಕ್ಕಿಂತ ಹೆಚ್ಚಾಗಿ ಆ ಫೀಸಿಗೆ ತೆಗೆದ ಸಾಲದ ಅವಧಿ. 12 ತಿಂಗಳ ಫೀಸಿಗೆ 24 ತಿಂಗಳ ಸಾಲ ತೆಗೆದರೆ ಅದು ಯಾವ ಕಾಲಕ್ಕೂ ಮುಗಿಯುವುದಿಲ್ಲ.

ಕಾಗದದ ಮೇಲೆ ಹಾಕಿ ನೋಡೋಣ. ಒಂದು ಮಗುವಿಗೆ ವರ್ಷಕ್ಕೆ 60,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಮೈಕ್ರೋ ಫೈನಾನ್ಸ್‌ನಿಂದ ಶೇ 24ರ ಬಡ್ಡಿಗೆ 24 ತಿಂಗಳ ಸಾಲ ತೆಗೆದರೆ ತಿಂಗಳ ಕಂತು 3,172 ರೂಪಾಯಿ ಬೀಳುತ್ತದೆ. ಮೊದಲ ವರ್ಷ ಇದು ಹಗುರ ಅನಿಸುತ್ತದೆ, ಯಾಕೆಂದರೆ 60 ಸಾವಿರವನ್ನು 12 ತಿಂಗಳಿಗೆ ಹಂಚಿದರೂ 5,000 ಕಟ್ಟಬೇಕಿತ್ತು. ಮೋಸ ಹೋಗುವುದು ಇಲ್ಲೇ. ಎರಡನೇ ಮೇ ಬಂದಾಗ ಹಳೇ ಸಾಲದ ಇನ್ನೂ 12 ಕಂತು ಬಾಕಿ, ಹೊಸ ವರ್ಷದ ಫೀಸಿಗೆ ಇನ್ನೊಂದು ಸಾಲ. ಈಗ ತಿಂಗಳಿಗೆ 6,344. ಮೂರನೇ ಮೇ ತಿಂಗಳಲ್ಲಿ ಮೊದಲ ಸಾಲ ತೀರುತ್ತದೆ, ಮೂರನೇ ಸಾಲ ಹುಟ್ಟುತ್ತದೆ, ಕಂತು ಅದೇ 6,344. ಮಗು ಎಸ್‌ಎಸ್‌ಎಲ್‌ಸಿ ಮುಗಿಸುವವರೆಗೂ ಇದೇ ಗತಿ. ಸಾಲವೇ ಇಲ್ಲದೆ ತಿಂಗಳಿಗೆ 5,000ದಲ್ಲಿ ಮುಗಿಯುತ್ತಿದ್ದ ಖರ್ಚಿಗೆ ಪ್ರತಿ ತಿಂಗಳು 1,344 ರೂಪಾಯಿ, ವರ್ಷಕ್ಕೆ 16 ಸಾವಿರ ಮೇಲಿಂದ ಹೋಗುತ್ತಿರುತ್ತದೆ. ಇಬ್ಬರು ಮಕ್ಕಳಿದ್ದರೆ ಎರಡರಷ್ಟು. ಫೀಸೊಂದು ರೂಪಾಯಿಯೂ ಏರದೆ ಇದ್ದರೆ ಮಾತ್ರ ಈ ಲೆಕ್ಕ, ಫೀಸು ಏರದ ವರ್ಷ ಯಾವುದಿದೆ?

ಕೈಸಾಲವಾದರೆ ಇನ್ನೂ ಕಷ್ಟ. ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. 60 ಸಾವಿರಕ್ಕೆ ತಿಂಗಳಿಗೆ 1,800ರಂತೆ ವರ್ಷಕ್ಕೆ 21,600 ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೇ ಕೂತಿರುತ್ತದೆ. ಅದೇ ಮೊತ್ತವನ್ನು ಬ್ಯಾಂಕಿನಲ್ಲಿ ಒಡವೆ ಇಟ್ಟು ಶೇ 9ರ ಬಡ್ಡಿಗೆ ತೆಗೆದು, ತಿಂಗಳಿಗೆ 5,000 ಅಸಲು ಮತ್ತು ಆ ತಿಂಗಳ ಬಡ್ಡಿ ಕಟ್ಟುತ್ತಾ ಬಂದರೆ ವರ್ಷದ ಒಟ್ಟು ಬಡ್ಡಿ 2,925 ರೂಪಾಯಿ. 21,600 ಎಲ್ಲಿ, 2,925 ಎಲ್ಲಿ.

ಹಾಗಂತ ಒಡವೆ ಸಾಲದಲ್ಲಿ ಅಪಾಯವಿಲ್ಲ ಎಂದಲ್ಲ. ಅಸಲು ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಪದ್ಧತಿಯಲ್ಲಿ 12 ತಿಂಗಳು ಯಾರೂ ಕೇಳುವುದಿಲ್ಲ, ಮನೆಯವರೂ ಮರೆಯುತ್ತಾರೆ. ಗಿರವಿ ಚೀಟಿ ಬೀರುವಿನಲ್ಲಿ ಸೀರೆಯ ಕೆಳಗೆ ಇರುತ್ತದೆ. ನೋಟಿಸ್ ಬಂದಾಗ ಬಡ್ಡಿಗೇ ಇನ್ನೊಂದು ಸಾಲ ಹುಡುಕಬೇಕು. ಹಿಂದೆಲ್ಲ ಹಳೇ ಬಡ್ಡಿಯನ್ನು ಹೊಸ ಅಸಲಿಗೆ ಸೇರಿಸಿ ಚೀಟಿ ಬದಲಿಸಿ ಕೊಡುತ್ತಿದ್ದರು. 2025ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ನಿಯಮದ ಪ್ರಕಾರ ಬಡ್ಡಿ ಚುಕ್ತಾ ಆದ ಮೇಲೆಯೇ ನವೀಕರಣ. ಇದೇ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೂ ಕೊಡಬಹುದು ಎಂದಿದೆ. ಕೊಡುತ್ತಾರೆ ಅಂತ ಅಷ್ಟನ್ನೂ ತೆಗೆಯಬೇಡಿ. ಚಿನ್ನದ ರೇಟು ಇಳಿದರೆ ಹರಾಜಿನ ಮಾತು ಬೇಗ ಬರುತ್ತದೆ. ಒಡವೆ ಬೆಲೆಯ ಅರ್ಧದಷ್ಟು ತೆಗೆದರೆ ನೆಮ್ಮದಿ. ಸಾಲ ಪೂರ್ತಿ ತೀರಿಸಿದ ಮೇಲೆ 7 ಕೆಲಸದ ದಿನಗಳೊಳಗೆ ಒಡವೆ ಹಿಂದಿರುಗಿಸಬೇಕು, ಕೊಡುವವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬುದೂ ಆ ನಿಯಮದಲ್ಲೇ ಇದೆ.

ಇನ್ನು, 60 ಸಾವಿರವನ್ನು ಒಟ್ಟಿಗೇ ಸಾಲ ತೆಗೆಯುವ ಅಗತ್ಯವಾದರೂ ಇದೆಯೇ? ಹೆಚ್ಚಿನ ಮನೆಗಳಲ್ಲಿ ಇಲ್ಲ. ಶಾಲೆಯವರು ಕೊಡುವ ಚೀಟಿಯನ್ನು ಬಿಡಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಬೋಧನಾ ಶುಲ್ಕ 28,000. ಪ್ರವೇಶ, ನಿರ್ವಹಣೆ ಇತ್ಯಾದಿ 4,000. ಪುಸ್ತಕ, ನೋಟ್‌ಬುಕ್ 5,500. ಎರಡು ಜೊತೆ ಯೂನಿಫಾರಂ, ಶನಿವಾರದ ಬಿಳಿ ಬಟ್ಟೆ, ಎರಡು ಬಗೆಯ ಶೂ, ಟೈ, ಬೆಲ್ಟ್ ಸೇರಿ 4,000. ವ್ಯಾನ್ ತಿಂಗಳಿಗೆ 1,400ರಂತೆ 11 ತಿಂಗಳಿಗೆ 15,400. ಪರೀಕ್ಷೆ, ವಾರ್ಷಿಕೋತ್ಸವ, ಪ್ರವಾಸ 3,100. ಕೂಡಿದರೆ 60,000. ಫೀಸು ಎಷ್ಟು ಎಂದು ಕೇಳಿದಾಗ ಕೌಂಟರಿನಲ್ಲಿ ಹೇಳುವುದು 28 ಸಾವಿರ, ಮನೆಯಿಂದ ಹೋಗುವುದು ಅದರ ಎರಡರಷ್ಟಕ್ಕಿಂತ ಜಾಸ್ತಿ. ನೆರೆಮನೆಯವರ ಮಾತು ಕೇಳಿ ಶಾಲೆ ಆರಿಸುವಾಗ ಈ ಕೊನೆಯ ಮೊತ್ತವನ್ನು ಕೇಳಿ. ಬೋಧನಾ ಶುಲ್ಕ ಐದು ಸಾವಿರ ಕಡಿಮೆ ಇರುವ ಶಾಲೆ ಊರಿಂದ ಎಂಟು ಕಿಲೋಮೀಟರ್ ಆಚೆ ಇದ್ದರೆ ಉಳಿಸಿದ್ದೆಲ್ಲ ವ್ಯಾನಿಗೆ ಹೋಗುತ್ತದೆ.

ಈಗ ಇದರಲ್ಲಿ ಜೂನ್ ಮೊದಲ ವಾರಕ್ಕೆ ಕೈಯಲ್ಲಿ ಇರಲೇಬೇಕಾದದ್ದು ಎಷ್ಟು? ಬೋಧನಾ ಶುಲ್ಕ ಮೂರು ಕಂತಾದರೆ ಮೊದಲನೆಯದು 9,333. ಪ್ರವೇಶದ್ದು 4,000. ಪುಸ್ತಕ, ಬಟ್ಟೆ 9,500. ವ್ಯಾನಿನ ಒಂದು ತಿಂಗಳು 1,400. ಒಟ್ಟು 24,233. ಉಳಿದ 35 ಸಾವಿರ ಚಿಲ್ಲರೆ ಸೆಪ್ಟೆಂಬರ್‌ಗೆ, ಜನವರಿಗೆ, ತಿಂಗಳು ತಿಂಗಳಿಗೆ ಹಂಚಿಹೋಗುತ್ತದೆ. ಬೇಕಾದದ್ದು 24 ಸಾವಿರ, ತೆಗೆಯುವುದು 60 ಸಾವಿರ. ಮಿಕ್ಕ 36 ಸಾವಿರ ಜೂನ್ ತಿಂಗಳಲ್ಲಿ ಖಾತೆಯಲ್ಲಿ ಕೂರುವುದಿಲ್ಲ. ಮದುವೆ ಮುಯ್ಯಿ, ಬೈಕ್ ರಿಪೇರಿ, ಹಬ್ಬ ಎಂದು ಕೈ ಹಾಕಿದರೆ ಸೆಪ್ಟೆಂಬರ್ ಕಂತಿಗೆ ಮತ್ತೆ ಕೈಸಾಲ. ಈ ಒಂದು ತಪ್ಪನ್ನು ತಪ್ಪಿಸಿದರೂ ಅರ್ಧ ಭಾರ ಇಳಿಯುತ್ತದೆ ಎಂದು ಖಂಡಿತವಾಗಿ ಹೇಳಬಲ್ಲೆ.

24 ಸಾವಿರ ಎಂದರೆ ತಿಂಗಳಿಗೆ ಎರಡು ಸಾವಿರದಂತೆ 12 ತಿಂಗಳು. ಗೃಹಲಕ್ಷ್ಮಿ ಹಣವೂ ತಿಂಗಳಿಗೆ 2,000 ರೂಪಾಯಿ. ಅದನ್ನು ಫೀಸಿಗೆಂದೇ ಎತ್ತಿಡುವ ತಾಯಂದಿರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಒಂದೇ ಎಚ್ಚರಿಕೆ, ಆ ಹಣ ತಿಂಗಳಿಗೆ ಸರಿಯಾಗಿ ಬೀಳುವುದಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದುಂಟು. ಅದನ್ನು ನಂಬಿ ಆರ್.ಡಿ., ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡಿಸಿದರೆ ಕಂತು ತಪ್ಪುತ್ತದೆ, ದಂಡ ಬೀಳುತ್ತದೆ. ಅದಕ್ಕಿಂತ ಎಟಿಎಂ ಕಾರ್ಡ್ ತೆಗೆದುಕೊಳ್ಳದ ಬೇರೊಂದು ಉಳಿತಾಯ ಖಾತೆ ಮಾಡಿ, ಬಂದ ದಿನವೇ ಅಲ್ಲಿಗೆ ಹಾಕುವುದು ಒಳ್ಳೆಯದು. ಸಂಬಳದವರಿಗೆ ಆರ್.ಡಿ. ಸರಿ, ಆದರೆ ಅಂಚೆ ಕಚೇರಿಯ ಆರ್.ಡಿ. 5 ವರ್ಷದ್ದು ಎಂಬುದನ್ನು ನೋಡಿಕೊಳ್ಳಿ. ವರ್ಷದ ಫೀಸಿಗೆ ಬ್ಯಾಂಕಿನ 12 ತಿಂಗಳದ್ದೇ ಬೇಕು. ಮೇ ಕೊನೆಯಲ್ಲಿ ಶುರು ಮಾಡಿದರೆ ಮುಂದಿನ ಮೇ ಕೊನೆಗೆ ಕೈಗೆ ಬರುತ್ತದೆ. ಅಂಗಡಿ, ಹೋಟೆಲ್, ಆಟೋ ಇಟ್ಟುಕೊಂಡವರಿಗೆ ದಿನವೂ ಕಟ್ಟುವ ಪಿಗ್ಮಿ ಉಳಿತಾಯಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ದಿನಕ್ಕೆ 70 ರೂಪಾಯಿ ಎಂದರೆ ವರ್ಷಕ್ಕೆ 25,550. ಅವಧಿಗೆ ಮುಂಚೆ ತೆಗೆದರೆ ಎಷ್ಟು ಕಡಿತ ಎಂದು ಮೊದಲೇ ಕೇಳಿ, ದಿನದ ರಸೀದಿ ಅಥವಾ ಮೊಬೈಲ್ ಸಂದೇಶ ಇಲ್ಲದೆ ದುಡ್ಡು ಕೊಡಬೇಡಿ.

ಎರಡನೇ ಮಗುವಿನ 24 ಸಾವಿರಕ್ಕೆ ಹೈನುಗಾರರ ಮನೆಯಲ್ಲಿ ಇನ್ನೊಂದು ದಾರಿ ಇದೆ. ಡೇರಿ ಬಟವಾಡೆ ಮನೆ ಖರ್ಚಿಗೆ, ಹಿಂಡಿ ಬೂಸಾಕ್ಕೆ ಹೋಗುತ್ತದೆ, ಅದನ್ನು ಮುಟ್ಟುವುದು ಕಷ್ಟ. ಆದರೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆಯಾಗಿ ಬ್ಯಾಂಕ್ ಖಾತೆಗೇ ಬರುತ್ತದೆ. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ವರ್ಷಕ್ಕೆ 18 ಸಾವಿರದಷ್ಟಾಯಿತು. ತಡವಾಗಿ ಬರುತ್ತದೆ ಎಂಬ ದೂರು ನಿಜ, ಆದರೆ ತಡವಾಗಿ ಬರುವ ದುಡ್ಡು ದಿನದ ಖರ್ಚಿಗೆ ಹೇಗೂ ಆಗುವುದಿಲ್ಲ. ಅದಕ್ಕೆ ಪಿಎಂ ಕಿಸಾನ್‌ನ ವರ್ಷದ 6,000 ಸೇರಿದರೆ ಅಲ್ಲಿಗೆ 24 ಸಾವಿರ.

ಕಂತಿನ ವಿಚಾರ ಶಾಲೆಯವರ ಜೊತೆ ಮಾತಾಡಬೇಕಾದದ್ದು ಫೆಬ್ರುವರಿಯಲ್ಲಿ. ಜೂನ್‌ನಲ್ಲಿ ಕೇಳಿದರೆ ಅವರಿಗೂ ದಾರಿ ಇರುವುದಿಲ್ಲ, ಅಷ್ಟರಲ್ಲಿ ಪುಸ್ತಕದವರಿಗೆ, ವ್ಯಾನಿನವರಿಗೆ ಮುಂಗಡ ಕೊಟ್ಟಾಗಿರುತ್ತದೆ. ಬಾಯಿಮಾತಲ್ಲಿ ಕೇಳಬೇಡಿ. ಅರ್ಧ ಪುಟದ ಅರ್ಜಿ ಸಾಕು: ಮಗುವಿನ ಹೆಸರು, ತರಗತಿ, ಒಟ್ಟು ಮೊತ್ತ, ಯಾವ ತಾರೀಖಿಗೆ ಎಷ್ಟು ಕಟ್ಟುತ್ತೇವೆ, ಕೆಳಗೆ ಸಹಿ. ಒಂದು ಪ್ರತಿಗೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ತಾರೀಖನ್ನು ಬೆಳೆಗೆ ಹೊಂದಿಸಿ. ಆಲೂಗೆಡ್ಡೆ ಬೆಳೆಯುವವರು ಜೂನ್‌ಗೆ ಕಡಿಮೆ, ಸೆಪ್ಟೆಂಬರ್ ಕೊನೆಗೆ ದೊಡ್ಡ ಕಂತು ಕೇಳಬಹುದು. ಅರಕಲಗೂಡು ಕಡೆಯ ಹೊಗೆಸೊಪ್ಪಿನವರಿಗೆ ರಾಮನಾಥಪುರದ ಹರಾಜು ನಡೆಯುವ ತಿಂಗಳುಗಳು, ಅಂದರೆ ದಸರಾ ಕಳೆದ ಮೇಲೆ. ಶುಂಠಿಯವರಿಗೆ ಜನವರಿ. ಆದರೆ ಶುಂಠಿಯ ರೇಟನ್ನು ನಂಬಿ ಫೀಸಿನ ಮಾತು ಕೊಡಬೇಡಿ. 60 ಕೆ.ಜಿ. ಮೂಟೆಯ ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಕೊಳೆರೋಗ ಬಂದರೆ ಮೂಟೆಯೇ ಇರುವುದಿಲ್ಲ. ಕಾಫಿಯವರು ಮಾತ್ರ ಇದಕ್ಕೆ ವಿರುದ್ಧವಾಗಿ ಯೋಚಿಸಬೇಕು. ಹಣ್ಣು ಮಾರಿದ ಮಾರ್ಚ್‌ನಲ್ಲೇ ಮುಂದಿನ ವರ್ಷದ ಫೀಸನ್ನು ಪೂರ್ತಿ ಕಟ್ಟಿ ರಿಯಾಯಿತಿ ಕೇಳಿ. ರಸೀದಿಯ ಮೇಲೆ ಯಾವ ಶೈಕ್ಷಣಿಕ ವರ್ಷದ್ದು ಎಂದು ಬರೆಸಿ, ಮಗು ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನೂ ಬರೆಸಿ.

ಒಟ್ಟಿಗೆ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಶಾಲೆಯವರು ಹೇಳಿದಾಗ ಸಾಲ ತೆಗೆದು ಕಟ್ಟುವುದು ಲಾಭವೋ ನಷ್ಟವೋ ಎಂದು ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. 28 ಸಾವಿರಕ್ಕೆ ಶೇ 5 ಎಂದರೆ 1,400. ನಾಲ್ಕು ತಿಂಗಳಿಗೊಂದರಂತೆ ಮೂರು ಕಂತಾದರೆ, ಎರಡನೇ ಕಂತನ್ನು 4 ತಿಂಗಳು, ಮೂರನೆಯದನ್ನು 8 ತಿಂಗಳು ಮುಂಚೆ ಕಟ್ಟಿದಂತೆ. ಒಡವೆ ಸಾಲದಲ್ಲಿ ಶೇ 9ರಂತೆ ಅದರ ಬಡ್ಡಿ 840. ಹಾಗಾಗಿ 560 ರೂಪಾಯಿ ಉಳಿಯುತ್ತದೆ. ಮೂರು ರೂಪಾಯಿ ಬಡ್ಡಿಯ ಕೈಸಾಲವಾದರೆ ಬಡ್ಡಿಯೇ 3,360, ರಿಯಾಯಿತಿ ಕಳೆದರೂ 1,960 ಕೈಬಿಟ್ಟಂತೆ.

ಚೀಟಿಯ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವಾದೀತು. 20 ಜನರ ಒಂದು ಲಕ್ಷದ ಚೀಟಿ, ತಿಂಗಳಿಗೆ 5,000. ಮೇ ತಿಂಗಳಲ್ಲಿ ಎಲ್ಲರಿಗೂ ಫೀಸಿಗೆ ದುಡ್ಡು ಬೇಕು, ಎಷ್ಟು ಬಿಟ್ಟುಕೊಡುತ್ತೇವೆ ಎಂದು ಎಲ್ಲರೂ ಹರಾಜು ಕೂಗುತ್ತಾರೆ, ಕೂಗು 30 ಸಾವಿರಕ್ಕೆ ಹೋದರೆ ಕೈಗೆ ಬರುವುದು 70 ಸಾವಿರ. ಅದೇ ಚೀಟಿಯನ್ನು ಯಾರಿಗೂ ಅವಸರವಿಲ್ಲದ ತಿಂಗಳಲ್ಲಿ ಎತ್ತಿದ್ದರೆ ಕೂಗು ಅರ್ಧಕ್ಕೆ ನಿಲ್ಲುತ್ತಿತ್ತು. ಫೀಸಿಗೆಂದು ಚೀಟಿ ಹಾಕಿದವರು ಒಂದೆರಡು ತಿಂಗಳು ಮೊದಲೇ ಕೂಗಿ, ದುಡ್ಡನ್ನು ಖಾತೆಯಲ್ಲಿ ಇಟ್ಟುಕೊಳ್ಳಲಿ. ನೋಂದಣಿ ಇಲ್ಲದ ಚೀಟಿ ಬೇಡವೇ ಬೇಡ. ನಡೆಸುವವರು ಊರು ಬಿಟ್ಟರೆ ಕೈಯಲ್ಲಿ ಇರುವುದು ಒಂದು ಸಣ್ಣ ಪಾಕೆಟ್ ಡೈರಿ, ಅದರಲ್ಲಿ ಅವರ ಕೈಬರಹದ ಸಹಿ, ಅಷ್ಟೇ.

ಈಗೀಗ ಶಾಲೆಯ ಕೌಂಟರಿನಲ್ಲೇ ಬಡ್ಡಿರಹಿತ ಮಾಸಿಕ ಕಂತು ಎಂದು ಆ್ಯಪ್ ಮೂಲಕ ಸಾಲ ಮಾಡಿಸುವುದೂ ಬಂದಿದೆ. ಇದರಲ್ಲಿ ಸಾಲ ಕೊಡುವ ಕಂಪನಿ ಪೂರ್ತಿ ಫೀಸನ್ನು ಶಾಲೆಗೆ ಕಟ್ಟಿಬಿಡುತ್ತದೆ, ನೀವು ಕಂಪನಿಗೆ ಕಂತು ಕಟ್ಟಬೇಕು. ಸಹಿ ಮಾಡುವ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೇಳಿ. ಸಾಲ ಕೊಡುವವರು ಅದನ್ನು ಕೊಡಲೇಬೇಕು. ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಮಗು ಅರ್ಧ ವರ್ಷಕ್ಕೆ ಶಾಲೆ ಬಿಟ್ಟರೂ ಈ ಸಾಲ ಬಿಡುವುದಿಲ್ಲ. ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕಿನದ್ದೊಂದು ದಂಡ, ಕಂಪನಿಯದ್ದೊಂದು ದಂಡ, ಮೇಲೆ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಕೆಡುತ್ತದೆ. ಬಟವಾಡೆ ಬೀಳುವ ದಿನದ ನಂತರದ ತಾರೀಖನ್ನೇ ಕಂತಿಗೆ ಬರೆಸುವುದು ಸಣ್ಣ ವಿಷಯ, ಆದರೆ ಅದರಿಂದ ವರ್ಷಕ್ಕೆ ಎಷ್ಟೋ ದಂಡ ತಪ್ಪುತ್ತದೆ.

ಮನೆಯಲ್ಲಿ ಈಗಾಗಲೇ ನಾಲ್ಕು ಸಾಲ ಇದ್ದರೆ ಯಾವುದನ್ನು ಮೊದಲು ಕಟ್ಟಬೇಕು? ಹೆಚ್ಚಿನವರು ಬಾಗಿಲಿಗೆ ಬಂದು ಕೇಳುವವರಿಗೆ ಮೊದಲು ಕಟ್ಟುತ್ತಾರೆ, ಕೇಳದ ಸೊಸೈಟಿ ಸಾಲವನ್ನು ಕೊನೆಗೆ ಬಿಡುತ್ತಾರೆ. ಇದರಿಂದ ಆಗುವ ನಷ್ಟ ದೊಡ್ಡದು. ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಸೊನ್ನೆ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ತಪ್ಪಿದರೆ ರಿಯಾಯಿತಿ ಕೈತಪ್ಪಿ ಬಡ್ಡಿ ಬೀಳುತ್ತದೆ, ಹೊಸ ಸಾಲವೂ ನಿಲ್ಲುತ್ತದೆ. ಬ್ಯಾಂಕಿನ ಕಿಸಾನ್ ಕಾರ್ಡ್ ಸಾಲಕ್ಕೂ 3 ಲಕ್ಷದವರೆಗೆ ಶೇ 7ರ ಬಡ್ಡಿ, ಸಕಾಲಕ್ಕೆ ಕಟ್ಟಿದರೆ ಅದು ಶೇ 4. ಆದ್ದರಿಂದ ಗಡುವು ಇರುವ ಬೆಳೆಸಾಲ ಮೊದಲು. ಆಮೇಲೆ ಕೈಸಾಲ, ಯಾಕೆಂದರೆ ಅದರ ಬಡ್ಡಿಯೇ ಎಲ್ಲಕ್ಕಿಂತ ದುಬಾರಿ. ಮೈಕ್ರೋ ಸಾಲದ ಕಂತನ್ನು ತಪ್ಪಿಸದೆ ಕಟ್ಟುತ್ತಾ, ಬೆಳೆ ದುಡ್ಡು ಬಂದಾಗ ಪೂರ್ತಿ ಮುಗಿಸಿಬಿಡಿ. ಮೈಕ್ರೋ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮುಗಿಯುವ ಹೊತ್ತಿಗೆ ಟಾಪ್‌ಅಪ್, ಅಂದರೆ ಅದರ ಮೇಲೆ ಇನ್ನಷ್ಟು ಸಾಲ, ಕೊಡುತ್ತೇವೆ ಎನ್ನುತ್ತಾರೆ, ಅದನ್ನು ಒಪ್ಪಿದ ದಿನ ಮತ್ತೆ 24 ತಿಂಗಳು. ಒಡವೆ ಸಾಲ ಕೊನೆಗೆ ಇರಲಿ, ಬಡ್ಡಿ ಮಾತ್ರ ತಿಂಗಳು ತಿಂಗಳು ಕಟ್ಟಿ.

ಬೆಳೆಸಾಲದ ದುಡ್ಡನ್ನೇ ಫೀಸಿಗೆ ಕೊಡುವುದು ಇನ್ನೊಂದು ಸಾಮಾನ್ಯ ತಪ್ಪು. ಮಾರ್ಚ್‌ನಲ್ಲಿ ಕಟ್ಟಿ ಏಪ್ರಿಲ್‌ನಲ್ಲಿ ಮತ್ತೆ ಪಡೆದ ದುಡ್ಡು ಕೈಯಲ್ಲಿರುತ್ತದೆ, ಶಾಲೆಯವರು ಫೋನ್ ಮಾಡುತ್ತಾರೆ, ಕೊಟ್ಟುಬಿಡುತ್ತಾರೆ. ಆಮೇಲೆ ಬಿತ್ತನೆ ಗಡ್ಡೆ, ಗೊಬ್ಬರ ಮಂಡಿಯವರ ಹತ್ತಿರ ಉದ್ದರಿ. ಉದ್ದರಿ ತಂದವರು ಬೆಳೆಯನ್ನು ಅವರಿಗೇ ಹಾಕಬೇಕು, ಅವರು ಹೇಳಿದ ರೇಟಿಗೆ. ಅಂಗಮಾರಿ ಬಿದ್ದು ಇಳುವರಿ ಕುಸಿದ ವರ್ಷ ಉದ್ದರಿಯೂ ತೀರುವುದಿಲ್ಲ, ಬೆಳೆಸಾಲದ ಗಡುವೂ ತಪ್ಪುತ್ತದೆ. ಬಡ್ಡಿ ಇಲ್ಲದ ದುಡ್ಡು ಹೀಗೆ ಎಲ್ಲಕ್ಕಿಂತ ದುಬಾರಿ ದುಡ್ಡಾಗುತ್ತದೆ.

ಮೈಕ್ರೋ ಸಾಲಗಾರರಿಗೆ ಎರಡು ವಿಷಯ ಗೊತ್ತಿರಬೇಕು. ಆರ್‌ಬಿಐನ 2022ರ ನಿಯಮದಂತೆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಆದಾಯ 20 ಸಾವಿರ ಇದ್ದರೆ ಕಂತುಗಳ ಒಟ್ಟು ಮಿತಿ 10 ಸಾವಿರ. ಸಾಲ ಸಿಗಲಿ ಎಂದು ಆದಾಯ ಜಾಸ್ತಿ ಬರೆಸಿದರೆ ಆ ರಕ್ಷಣೆಯನ್ನು ನಾವೇ ಕಳೆದುಕೊಂಡಂತೆ. ಇನ್ನೊಂದು, ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಮಕ್ಕಳ ಮುಂದೆ, ಬೀದಿಯಲ್ಲಿ ನಿಂತು ಬೈದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿಚಾರಿಸಲು 14448 ಸಂಖ್ಯೆ ಇದೆ. ಪರವಾನಗಿ, ನೋಂದಣಿ ಏನೂ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರ ವಿರುದ್ಧ ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ಪೊಲೀಸ್ ಠಾಣೆಗೇ ಹೋಗಬಹುದು.

ಇಷ್ಟೆಲ್ಲ ಮಾಡಿಯೂ ಲೆಕ್ಕ ಹೊಂದದಿದ್ದರೆ ಶಾಲೆ ಬದಲಿಸುವ ಮಾತನ್ನು ನಾಚಿಕೆ ಇಲ್ಲದೆ ಆಡಬೇಕು. ನಮ್ಮ ಮನೆಗಳಲ್ಲಿ ಇದನ್ನು ಸೋಲು ಎಂದುಕೊಳ್ಳುತ್ತಾರೆ, ಅಜ್ಜಿ ತಾತನಿಂದ ಹಿಡಿದು ಭಾವಮೈದನವರೆಗೆ ಎಲ್ಲರೂ ಒಂದು ಮಾತು ಹೇಳುತ್ತಾರೆ, ಆ ಮಾತಿಗೆ ಹೆದರಿಯೇ ಎಷ್ಟೋ ಜನ ತಾಳಿ ಸರ ಗಿರವಿ ಇಡುತ್ತಾರೆ. ವರ್ಷದ ಮಧ್ಯೆ ಬಿಡಿಸುವುದಕ್ಕಿಂತ ಐದನೇ ತರಗತಿ ಅಥವಾ ಏಳನೇ ತರಗತಿ ಮುಗಿದಾಗ ಬದಲಿಸುವುದು ಮಗುವಿಗೆ ಸುಲಭ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಮೂಲಕ ನವೋದಯ ಇದೆ, ಹಾಸನ ಜಿಲ್ಲೆಗೆ ಮಾವಿನಕೆರೆಯಲ್ಲಿ, ಚಿಕ್ಕಮಗಳೂರು ಜಿಲ್ಲೆಗೆ ಬಾಳೆಹೊನ್ನೂರಿನಲ್ಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯಕ್ಕೂ ಆರನೇ ತರಗತಿಗೇ ಪರೀಕ್ಷೆ. ಇವಕ್ಕೆಲ್ಲ ಐದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಬೇಕು, ಆರಕ್ಕೆ ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಎಂಟನೇ ತರಗತಿಗೆ ಅನುದಾನಿತ ಪ್ರೌಢಶಾಲೆಗಳನ್ನು ಜನ ಮರೆತೇಬಿಟ್ಟಿದ್ದಾರೆ. ಅಲ್ಲಿ ಶಿಕ್ಷಕರ ಸಂಬಳ ಸರ್ಕಾರ ಕೊಡುವುದರಿಂದ ಫೀಸಿನ ಹೊರೆ ಕಡಿಮೆ. ಒಂದರಿಂದ ಹನ್ನೆರಡರವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಒಂದು ದಿನ ಹೋಗಿ ನೋಡಿಬನ್ನಿ.

ಹಳ್ಳಿಯಿಂದ ಪೇಟೆ ಶಾಲೆಗೆ ಹಾಕುವ ಮುಂಚೆ ಇದನ್ನೂ ತಿಳಿದಿರಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇಕೆಂದರೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಒಂದು ವರ್ಷ ನಗರಸಭೆ ವ್ಯಾಪ್ತಿಯ ಶಾಲೆಗೆ ಹೋದರೂ ಅದು ಕೈತಪ್ಪುತ್ತದೆ. ಸಾಲ ಮಾಡಿ ಫೀಸು ಕಟ್ಟಿ, ಮುಂದೆ ಮೆಡಿಕಲ್, ಎಂಜಿನಿಯರಿಂಗ್ ಸೀಟಿನ ಹೊತ್ತಿಗೆ ಇದು ಗೊತ್ತಾಗಿ ಕೊರಗುವ ಪೋಷಕರು ಕಡಿಮೆ ಇಲ್ಲ.

ಬಾಕಿ ಇದೆ ಎಂದು ವರ್ಗಾವಣೆ ಪತ್ರ ತಡೆದರೆ ಹೆದರಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಎಂಟನೇ ತರಗತಿವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕೆಂದರೆ ಮುಖ್ಯ ಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಎಂದು ಹೊಸ ಶಾಲೆಯವರೂ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಬಿಟ್ಟುಕೊಡುತ್ತಿಲ್ಲ ಎಂದಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ರಸೀದಿ ಇಲ್ಲದ ಡೊನೇಷನ್ ಕೇಳಿದರೆ ಅದೇ ಕಾಯ್ದೆಯ 13ನೇ ಕಲಂನಲ್ಲಿ ವಸೂಲಿ ಮಾಡಿದ ಮೊತ್ತದ ಹತ್ತು ಪಟ್ಟಿನವರೆಗೆ ದಂಡ ಇದೆ.

ಬಾಕಿ ಎಂದರೆ ಬಾಕಿಯೇ, ಅದನ್ನು ಪೋಷಕರು ತೀರಿಸಬೇಕು. ಸಣ್ಣ ಶಾಲೆಗಳಲ್ಲಿ ಫೀಸು ಬರದಿದ್ದರೆ ನಿಲ್ಲುವುದು ಶಿಕ್ಷಕಿಯರ ಸಂಬಳ, ಅವರ ಮನೆಯಲ್ಲೂ ಇದೇ ಕಂತುಗಳಿವೆ. ಆದರೆ ಬಾಕಿಯ ಮಾತು ದೊಡ್ಡವರ ನಡುವೆ ಮುಗಿಯಬೇಕು. ಪ್ರಾರ್ಥನೆ ಮುಗಿದ ಮೇಲೆ ಫೀಸು ಕಟ್ಟದವರು ಇಲ್ಲೇ ನಿಲ್ಲಿ ಎಂದು ಹೆಸರು ಕೂಗುವುದು, ಪರೀಕ್ಷೆಯ ದಿನ ಕಾರಿಡಾರಿನಲ್ಲಿ ಕೂರಿಸುವುದು ಕಾಯ್ದೆಯ 17ನೇ ಕಲಂ ನಿಷೇಧಿಸಿರುವ ಮಾನಸಿಕ ಹಿಂಸೆಯೇ. ಅಂಥ ಮಗು ಮನೆಗೆ ಬಂದು ಅತ್ತ ಸಂಜೆಯೇ ಅಪ್ಪ ಮೂರು ರೂಪಾಯಿ ಬಡ್ಡಿಯವರ ಮನೆ ಬಾಗಿಲಿಗೆ ಹೋಗುವುದು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಲಾ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಮೂರು. ಮುಂದಿನ ವರ್ಷದ ಪೂರ್ತಿ ಖರ್ಚನ್ನು, ಪುಸ್ತಕ, ಬಟ್ಟೆ, ವ್ಯಾನು, ಪ್ರವಾಸ ಎಲ್ಲ ಸೇರಿಸಿ, ಫೆಬ್ರುವರಿ ಒಳಗೆ ಒಂದೇ ಕಾರ್ಡಿನಲ್ಲಿ ಮುದ್ರಿಸಿ ಕೊಡಿ. ಕಂತಿನ ತಾರೀಖುಗಳನ್ನು ಪೋಷಕರೇ ಬರೆಯಲು ಆ ಕಾರ್ಡಿನಲ್ಲಿ ನಾಲ್ಕು ಖಾಲಿ ಸಾಲು ಬಿಡಿ, ಬರೆದ ತಾರೀಖಿಗೆ ಮುಂಚೆ ಮಗುವಿನ ಹತ್ತಿರ ಚೀಟಿ ಕಳಿಸಬೇಡಿ. ಹಾಗೆಯೇ ಹಳೇ ಪುಸ್ತಕ, ಚಿಕ್ಕದಾದ ಯೂನಿಫಾರಂಗಳನ್ನು ಪೋಷಕರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳಲು ಏಪ್ರಿಲ್‌ನಲ್ಲಿ ಒಂದು ಶನಿವಾರ ಶಾಲೆಯ ಒಂದು ಕೊಠಡಿ ತೆರೆದಿಡಿ.

ಇತಿ,
ನಿವೃತ್ತ ಸಹಕಾರ ಸಂಘದ ಕಾರ್ಯದರ್ಶಿ,
ಹಾಸನ